ಮಲ್ಲಿಗೆ ಕಟ್ಟುವ ಹುಡುಗಿಯ ಕ್ಯಾಲೆಂಡರ್

“ನೀನು ಹೇಗಿದ್ದೀಯೋ ಹಾಗೆಯೇ ಬರೆಯುತ್ತೇನೆ, ಐರಿನ್. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ.”

ಎಪ್ಪತ್ತೈದರ ಬೇಸಗೆಯಲ್ಲಿ, ಇನ್ನಂಜೆಯ ಮಲ್ಲಿಗೆ ಹಿತ್ತಲಲ್ಲಿ ನಿಂತು ಎಡ್ಮಂಡ್ ಹಾಗೆ ಮಾತು ಕೊಟ್ಟಿದ್ದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಚಿತ್ರ ಬರೆಯುವ ಹೊಸ ಕೆಲಸ. ಐರಿನ್ ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಾ ತಲೆಯೆತ್ತದೆ ನಕ್ಕಿದ್ದಳು. ಅವಳ ಮುಂದಿನ ಎರಡು ಹಲ್ಲುಗಳ ನಡುವೆ ಸಣ್ಣದೊಂದು ಸಂದು. ನಕ್ಕಾಗ ಮೊದಲು ಕಾಣುವುದು ಅದೇ. ಎಡ್ಮಂಡ್ ಮೊದಲು ಸೋತದ್ದೂ ಅದಕ್ಕೇ.

ಆ ಮಾತನ್ನು ಅವಳೇ ಕೇಳಿ ಪಡೆದಿದ್ದಳು. ಹಿಂದಿನ ವರ್ಷ ಸಂಬಂಧಕ್ಕೆಂದು ತೆಗೆಸಿದ ಫೋಟೋವನ್ನು ಸ್ಟುಡಿಯೋದವನು ಟಚಪ್ ಮಾಡಿ ಹಾಲಿನ ಹಾಗೆ ಬೆಳ್ಳಗೆ ಮಾಡಿಕೊಟ್ಟಿದ್ದ. ಅದನ್ನು ನೋಡಿ ಬಂದ ಗಂಡಿನ ಕಡೆಯವರು ಎದುರಿಗೆ ನಿಂತ ಕಪ್ಪು ಹುಡುಗಿಯನ್ನು ನೋಡಿದರು, ಅರ್ಧ ಚಹಾ ಕುಡಿದರು, ಎದ್ದು ಹೋದರು. ಆ ಚಹಾ ಲೋಟಗಳನ್ನು ತೊಳೆದಿಟ್ಟವಳು ಐರಿನ್.

ಎಡ್ಮಂಡನ ತಂಗಿಯರಿಬ್ಬರ ಮದುವೆ ಮುಗಿಯುವವರೆಗೆ ಇಬ್ಬರೂ ಕಾದರು. ಎಂಬತ್ತೊಂದರಲ್ಲಿ ಅವರ ಮದುವೆಯೂ ನಿಶ್ಚಯವಾಯಿತು, ಬರುವ ಜನವರಿಗೆ. ಅದೇ ವರ್ಷ ಪ್ರೆಸ್ಸಿನ ಕ್ಯಾಲೆಂಡರಿಗೆ ಅವನು ಐರಿನಳನ್ನೇ ಮಲ್ಲಿಗೆ ಕಟ್ಟುವ ಹುಡುಗಿಯಾಗಿ ಬರೆದ.

ಕ್ಯಾಲೆಂಡರಿನ ಚಿತ್ರ ಬರೆದವನ ಇಷ್ಟದಂತೆ ಅಚ್ಚಾಗುವುದಿಲ್ಲ. ಏಜೆಂಟ್ ಪ್ಯಾಟ್ರಿಕ್ ಸ್ಯಾಂಪಲನ್ನು ಸುರುಳಿ ಸುತ್ತಿಕೊಂಡು ಉಡುಪಿ, ಕಾಪು, ಕಾರ್ಕಳದ ಅಂಗಡಿಗಳಿಗೆ ಹೋಗುತ್ತಿದ್ದ. ಅಂಗಡಿಯವರು ಹೇಳಿದ್ದನ್ನು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿ ತರುತ್ತಿದ್ದ. ಮೊದಲ ಸಲ, ಹುಡುಗಿ ಚಂದ, ಬಣ್ಣ ಇನ್ನೂ ಸ್ವಲ್ಪ ತಿಳಿಯಾಗಲಿ ಎಂದು ಬಂತು. ಎಡ್ಮಂಡ್ ತಿಳಿ ಮಾಡಿದ. ಎರಡನೆಯ ಸಲ, ಹಲ್ಲಿನ ಸಂದು ಬೇಡ. ತುಟಿ ಮುಚ್ಚಿಸಿದ. ಮೂರನೆಯ ಸಲ ಕೆನ್ನೆಗೆ ಗುಲಾಬಿ ಕೇಳಿದರು. ಅದನ್ನೂ ಕೊಟ್ಟ.

ಆ ವರ್ಷ ಅಷ್ಟು ಆರ್ಡರು ಬೇರೆ ಯಾವ ಚಿತ್ರಕ್ಕೂ ಬರಲಿಲ್ಲ. ಮ್ಯಾನೇಜರು ಬೆನ್ನು ತಟ್ಟಿದರು. ಐರಿನ್ ಕೇಳಿದಾಗಲೆಲ್ಲ ಎಡ್ಮಂಡ್, ಅಚ್ಚಾಗಲಿ, ತೋರಿಸುತ್ತೇನೆ ಎಂದ. ಅಚ್ಚಾದ ಮೇಲೆ ಪ್ರತಿಗಳೇ ಉಳಿಯಲಿಲ್ಲ ಎಂದ.

ಡಿಸೆಂಬರಿಗೆ ಉಡುಪಿಯ ಅಂಗಡಿ ಅಂಗಡಿಯಲ್ಲೂ ಆ ಹುಡುಗಿ ತೂಗುತ್ತಿದ್ದಳು. ಹಾಗಾಗಿ ಗಂಡಿನ ಕಡೆಯಿಂದ ಕೊಡುವ ಕೆಂಪು ಸೀರೆ, ಸಾಡೊ, ಕಾರ್ಕಳದಲ್ಲೇ ತೆಗೆಯೋಣ ಎಂದು ಎಡ್ಮಂಡ್ ಹಠ ಹಿಡಿದ. ಅಲ್ಲಿಗೆ ಕ್ಯಾಲೆಂಡರಿನ ಕಟ್ಟು ಇನ್ನೂ ಹೋಗಿಲ್ಲ ಎಂದುಕೊಂಡಿದ್ದ. ಅದು ಹಿಂದಿನ ದಿನವೇ ಹೋಗಿತ್ತು.

ಐರಿನಳ ತಾಯಿ ಆಂಜೆಲಾ ಬಾಯಿ ಒಳಗೆ ರವಿಕೆ ಬಟ್ಟೆ ನೋಡುತ್ತಿದ್ದರು. ಅಂಗಡಿಯ ವಿಷ್ಣುಮೂರ್ತಿಯವರು ಐರಿನಳ ಮುಂದೆ ಸೀರೆಯ ಪೊಟ್ಟಣದ ಮೇಲೆ ಕ್ಯಾಲೆಂಡರ್ ಬಿಡಿಸಿ ಹರಡಿದರು.

“ನೋಡಿ ಬಾಯಮ್ಮ, ಈ ಸಲದ್ದು. ಇಂಥ ಹುಡುಗಿ ಆ ಆರ್ಟಿಸ್ಟಿಗೆ ಎಲ್ಲಿ ಸಿಕ್ಕಿದಳೋ ಮಾರಾಯ್ರೆ. ಗೋಡೆಗೆ ಹಾಕಿದರೆ ಮನೆಗೇ ಒಂದು ಕಳೆ.”

ಐರಿನ್ ನೋಡಿದಳು. ಹಿತ್ತಲು ಅವಳದ್ದು. ಮುರುಕು ಮಣೆ ಅವಳದ್ದು. ರವಿಕೆಯ ತೋಳಿಗೆ ಹಾಕಿದ ನೀಲಿ ತೇಪೆ, ನಾರು ಹಿಡಿದ ಬೆರಳು, ಎಲ್ಲವೂ ಅವಳದ್ದೇ. ಮುಖ ಮಾತ್ರ ಯಾರದ್ದೋ. ಅವಳು ಮೆಲ್ಲಗೆ ಕಣ್ಣೆತ್ತಿ ಎಡ್ಮಂಡನನ್ನು ನೋಡಿದಳು. ಒಂದು ಮಾತಿಗಾಗಿ ಕಾಯುವ ನೋಟ ಅದು. ಎಡ್ಮಂಡ್ ಸೀರೆಯ ಅಂಚನ್ನು ನೋಡುತ್ತಾ ನಿಂತ.

ಹೊರಗೆ, ಬಸ್ಸಿಗೆ ಕಾಯುವಾಗ ಅವಳು ತಣ್ಣಗೆ ಕೇಳಿದಳು.

“ಚಂದ ಉಂಟು ಅಲ್ವಾ ಹುಡುಗಿ? ಯಾರು ಅದು?”

“ಐರಿನ್...”

“ಓ, ಅವಳ ಹೆಸರೂ ಐರಿನ್ನಾ?”

ಅವನು ಪ್ಯಾಟ್ರಿಕನ ಪೆನ್ಸಿಲ್ ಬರಹದ ಕತೆಯನ್ನೆಲ್ಲ ಹೇಳಿದ. ಅಂಗಡಿಯವರು ಕೇಳಿದರು, ಮ್ಯಾನೇಜರು ಒತ್ತಾಯ ಮಾಡಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

“ಅವತ್ತು ಬಂದವರು ನನ್ನನ್ನು ನೋಡಿ ಎದ್ದು ಹೋದರು. ನೀವು ಪಕ್ಕದಲ್ಲಿ ನಿಂತುಕೊಂಡೇ ಹೋದಿರಿ.” ಸಾಡೊ ಇದ್ದ ಪೊಟ್ಟಣವನ್ನು ಅವನ ಕೈಗಿಟ್ಟಳು. “ಇದು ಆ ಹುಡುಗಿಗೆ ಕೊಡಿ. ನಾನು ಬೇಕಾದರೆ ನನ್ನನ್ನು ಬರೆಯಿರಿ. ನನಗೆ ಒಪ್ಪಿಗೆಯಾದರೆ ಉಡುತ್ತೇನೆ.”

ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿ ಅವನು ಬಣ್ಣದ ಡಬ್ಬಿಯೊಂದಿಗೆ ಇನ್ನಂಜೆಗೆ ಬಂದ. ಚಳಿಗೆ ಹೂವು ಕಡಿಮೆ, ಆದರೂ ಅವಳು ಮಣೆ ಹಾಕಿ ಕುಳಿತಳು. ಸಂಜೆ ಚಿತ್ರ ನೋಡಿ, ಇದು ನಮ್ಮ ಚಿಕ್ಕಮ್ಮನ ಮಗಳ ಹಾಗೆ ಉಂಟು, ಬಣ್ಣ ಸಾಲದು ಎಂದಳು. ಎರಡನೆಯ ಭಾನುವಾರ, ನನ್ನ ಹಲ್ಲೆಲ್ಲಿ ಎಂದಳು. ಎಡ್ಮಂಡ್ ಬೇಕೆಂದು ಹಾಗೆ ಮಾಡುತ್ತಿರಲಿಲ್ಲ. ಕಂದು ಬಣ್ಣ ಕಲಸುವಾಗ ಕೈ ತಾನಾಗಿ ಬಿಳಿಯ ಕಡೆಗೆ ಹೋಗುತ್ತಿತ್ತು. ಕೈಗೆ ಆ ಅಭ್ಯಾಸ ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಮದುವೆಯೇ ಉಳಿಯದು ಎಂಬುದೂ ಗೊತ್ತಿತ್ತು.

ಮೂರನೆಯ ಭಾನುವಾರ ಅವನು ಕುಂಚ ಕೆಳಗಿಟ್ಟ.

“ಅಂಗಡಿಯವರ ಮೇಲೆ ಹಾಕಿದ್ದು ಸುಳ್ಳು, ಐರಿನ್. ಪ್ಯಾಟ್ರಿಕ್ ತೆಗೆದುಕೊಂಡು ಹೋಗುವ ಮೊದಲೇ, ಮೊದಲ ಸ್ಯಾಂಪಲಿಗೇ ನಾನು ಬಿಳಿ ಬೆರೆಸಿದ್ದೆ. ಆಗ ಯಾರೂ ಏನೂ ಹೇಳಿರಲಿಲ್ಲ. ನಿನ್ನನ್ನು ನೋಡಿ ಜನ ಏನೆನ್ನುತ್ತಾರೋ ಎಂದು ನಾಚಿಕೆಪಟ್ಟವನು ನಾನೇ.”

ನಾರು ಹಿಡಿದ ಬೆರಳು ನಿಂತಿತು. ಐರಿನ್ ಗಿಡಗಳ ಕಡೆ ತಿರುಗಿದಳು. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

“ಇಷ್ಟು ಹೇಳಲಿಕ್ಕೆ ಮೂರು ಭಾನುವಾರ ಬೇಕಾಯ್ತಾ?”

ಅವಳು ಬಗ್ಗಿ ಡಬ್ಬಿಯಿಂದ ಬಿಳಿಯ ಟ್ಯೂಬನ್ನು ಆರಿಸಿ, ಮೊಗ್ಗಿನ ಬುಟ್ಟಿಯ ಒದ್ದೆ ಬಟ್ಟೆಯಡಿ ಅಡಗಿಸಿಟ್ಟಳು.

“ಈಗ ಬರೆಯಿರಿ. ಬೆಳಕು ಹೋಗ್ತದೆ.”

ಅವನು ಬರೆದ. ಕತ್ತಲಾಗುವ ಮುಂಚೆ ಅವಳು ಎದ್ದು ಬಂದು ಅವನ ಭುಜದ ಹಿಂದೆ ನಿಂತು ನೋಡಿದಳು. “ಸಂದು ಇಷ್ಟು ದೊಡ್ಡದಿಲ್ಲ ಮಾರಾಯ್ರೆ,” ಎಂದು ನಕ್ಕಳು. ನಗುವಲ್ಲಿ ಕಂಡ ಸಂದು ಚಿತ್ರದಲ್ಲಿದ್ದಷ್ಟೇ ಇತ್ತು.

ಆ ಚಿತ್ರವನ್ನು ಅವನು ಪ್ರೆಸ್ಸಿಗೆ ಒಯ್ದು ಕೊಟ್ಟಾಗ, ಇದು ಯಾರಿಗೂ ಬೇಡವೆಂದು ಮ್ಯಾನೇಜರು ಹಿಂದಿರುಗಿಸಿದರು. ಜನವರಿಯಲ್ಲಿ ಐರಿನ್ ಸಾಡೊ ಉಟ್ಟಳು. ಚಿತ್ರ ತಾರೀಖುಗಳಿಲ್ಲದೆಯೇ ಪರ್ಕಳದ ಬಾಡಿಗೆ ಮನೆಯ ಗೋಡೆಗೆ ಹೋಯಿತು. ಬಂದವರು ಯಾರಿದು ಎಂದು ಕೇಳುವ ಮೊದಲೇ ಎಡ್ಮಂಡ್ ನನ್ನ ಹೆಂಡತಿ ಎನ್ನುತ್ತಿದ್ದ.

ಕೊಟ್ಟ ಮಾತು ಆರು ವರ್ಷ ತಡವಾಗಿ ನಡೆಯಿತು.