ಜಾಗ ಬಿಡದ ಕಂಪ್ಯೂಟರ್

"ಹೊತ್ಕೊಂಡು ಹೋಗೂದು ನನಗ ಬ್ಯಾಡ್ರಿ! ಒಮ್ಮೆ ಇಟ್ರ ಜಾಗಾ ಬಿಡಬಾರ್ದು. ಅಂಥಾದ್ದು ತೋರಸ್ರಿ."

ಗೋಕಾಕದ ಕಂಪ್ಯೂಟರ್ ಅಂಗಡಿಯಲ್ಲಿ ದೀಪಾ ಹೀಗೆ ಸಿಡುಕಿದಾಗ ಪಕ್ಕದಲ್ಲಿ ಪ್ರಿಂಟರ್ ನೋಡುತ್ತಿದ್ದವರೂ ತಿರುಗಿ ನೋಡಿದರು. ಬೈಸಿಕೊಂಡವನು ಅಂಗಡಿಯ ಸೋಮಲಿಂಗ. ಅವನು ಅಂದದ್ದು ಇಷ್ಟೇ: "ಲ್ಯಾಪ್‌ಟಾಪ್ ತಗೊಳ್ರಿ. ನಾಳೆ ಎಲ್ಲಿಗೆ ಹೋದ್ರೂ ಬ್ಯಾಗಿನ್ಯಾಗ ಹಾಕ್ಕೊಂಡು ಹೋಗಬಹುದು."

ನಾಳೆ ಎಲ್ಲಿಗೆ ಹೋಗಬೇಕಂತೆ ನಾನು? ಗಂಡನ ಮನೆಗಾ?... ಇವನೂ ನಮ್ಮವ್ವನ ಪಾರ್ಟಿಯೇ!

ದೀಪಾಳ ಸಿಟ್ಟಿಗೆ ಕಾರಣವಿತ್ತು. ಘೋಡಗೇರಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವಳ ಆನ್‌ಲೈನ್ ಸೆಂಟರ್. ಹೊಲದ ಉತಾರ ಅಂದರೆ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ... ಐದು ವರ್ಷದಿಂದ ಊರೇ ಅವಳ ಬಾಗಿಲಿಗೆ ಬರುತ್ತಿತ್ತು; ಎದ್ದು ಬರಲಾಗದ ಮುದುಕಿಯರ ಮನೆಗೆ ಅವಳೇ ಹೋಗುತ್ತಿದ್ದಳು. ಹಳೆಯ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿದ ಮರುದಿನವೇ ಅವ್ವ ಉದ್ದವ್ವ, "ಇನ್ನ ಹೊಸಾದು ಯಾಕ? ಮದಿವಿ ಆಗಿ ಹೋಗಾಕಿ" ಅಂದಿದ್ದಳು. ನೋಡಲು ಬಂದ ಇಬ್ಬರು ವರರೂ ಕೇಳಿದ್ದು ಒಂದೇ: ಸೆಂಟರ್ ಮುಚ್ಚುತ್ತೀಯಲ್ಲ? ಮದುವೆಗಾಗಿ ಮುಚ್ಚಬೇಕೆಂದರೆ ಮದುವೆಯೇ ಬೇಡ ಎಂದು ದೀಪಾ ಅವ್ವನಿಗೂ ಹೇಳಿಬಿಟ್ಟಿದ್ದಳು.

ಸೋಮಲಿಂಗ ಒಳಗೆ ಹೋದ. ಒಂದು ಆಲ್-ಇನ್-ಒನ್ ತಂದು ಲ್ಯಾಪ್‌ಟಾಪಿನ ಪಕ್ಕಕ್ಕಿಟ್ಟ. ಪರದೆಯ ಬೆನ್ನಿಗೇ ಇಡೀ ಕಂಪ್ಯೂಟರ್ ಅಡಗಿರುವ, ಕೆಳಗೆ ಬೇರೆ ಡಬ್ಬಿ ಇಲ್ಲದ ಯಂತ್ರ.

"ಎರಡೂ ಚಲೋನ ಅದಾವ್ರಿ. ಆದ್ರ ಇದರಾಗ ಬ್ಯಾಟರಿ ಇಲ್ಲ. ಕರೆಂಟ್ ಹೋತಂದ್ರ ಗಪ್ ಆಗತೈತಿ, ಯುಪಿಎಸ್ ಬೇಕು. ಒಳಗ ಏನರ ಕೆಟ್ರ ಇಡೀದನ್ನ ಹೊತ್ತು ತರಬೇಕು."

"ಸ್ಕ್ರೀನ್ ಎಷ್ಟು ದೊಡ್ಡದೈತಿ?"

"ಇಪ್ಪತ್ನಾಲ್ಕ ಇಂಚು. ಲ್ಯಾಪ್‌ಟಾಪಿಂದು ಹದಿನೈದು."

"ನನಗ ದೊಡ್ಡದ ಬೇಕ್ರಿ. ಅರ್ಜಿ ಕಳಸೂಕಿಂತ ಮೊದ್ಲ ಸ್ಕ್ರೀನ್ ಮಂದಿ ಕಡೆ ತಿರುಗಸ್ತೇನಿ. ತಮ್ಮ ಹೆಸರು ತಾವ ಓದಬೇಕು. ಒಂದು ಅಕ್ಷರ ತಪ್ಪಿದ್ರ ತಿದ್ದಸಾಕ ವರ್ಷಗಟ್ಲೆ ಅಡ್ಡ್ಯಾಡಬೇಕಾಗತೈತಿ."

ಸೋಮಲಿಂಗ ಮೊದಲ ಬಾರಿಗೆ ಅವಳನ್ನು ನೆಟ್ಟಗೆ ನೋಡಿದ. "ಹಂಗಿದ್ರ ನಿಮಗ ಇದ ಸರಿ" ಎಂದ. ಮಾರುವವನು ಇಷ್ಟು ಬೇಗ ಸೋಲೊಪ್ಪುವುದನ್ನು ಅವಳು ಹುಕ್ಕೇರಿಯ ಅಂಗಡಿಗಳಲ್ಲೂ ಕಂಡಿರಲಿಲ್ಲ, ಮೂಡಲಗಿಯ ಅಂಗಡಿಗಳಲ್ಲೂ ಕಂಡಿರಲಿಲ್ಲ.

ಆದರೂ ಅವಳು ತಕ್ಷಣ ಕೊಳ್ಳಲಿಲ್ಲ. ಮತ್ತೆ ಬಂದಳು, ಎರಡರ ಕೀಬೋರ್ಡನ್ನೂ ಒತ್ತಿ ನೋಡಿದಳು. ಮತ್ತೊಮ್ಮೆ ಬಂದಳು, ವಾರಂಟಿ ಕೇಳಿದಳು. ಹತ್ತು ನಿಮಿಷದ ಮಾತಿಗೆ ಒಂದು ತಾಸು ಹಿಡಿಯುತ್ತಿತ್ತು. ಯಾಕೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಡಲಿಲ್ಲ. ಮೊದಲ ದಿನದ ಮಾತು ಮಾತ್ರ ದೀಪಾಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಎಷ್ಟು ಒಳ್ಳೆಯವನಾದರೇನು... ಹೆಣ್ಣು ಎಂದರೆ ಹೊರಟುಹೋಗುವವಳು ಎಂದುಕೊಂಡವನಲ್ಲವೇ!

ನಾಲ್ಕನೇ ಸಲ ಬಂದಾಗ ಆಲ್-ಇನ್-ಒನ್ ಬುಕ್ ಮಾಡಿದಳು. ಸೋಮವಾರ ಮನೆಗೆ ಮುಟ್ಟಿಸುತ್ತೇವೆ ಎಂದರು ಅಂಗಡಿಯವರು.

ಅದರ ಹಿಂದಿನ ದಿನ, ಭಾನುವಾರ, ದಡ್ಡಿಯಿಂದ ಮೂರನೇ ವರ ಬರುವುದಿತ್ತು. ಅಪ್ಪ ಮಾಲಿಂಗಪ್ಪ ಅವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದ. ದೀಪಾ ಒಳಕೋಣೆಯಲ್ಲಿ ಒಲ್ಲದ ಮನಸ್ಸಿನಿಂದ ಸೀರೆ ಉಡುತ್ತಿದ್ದಳು.

"ಬರ್ರಿ, ಬರ್ರಿ! ಕೈಕಾಲು ತೊಳ್ಕೊಳ್ರಿ." ಹೊರಗೆ ಅವ್ವನ ಧ್ವನಿ.

ಉದ್ದವ್ವ ನೀರು ಕೊಟ್ಟು, ಹೊಸ ಜಮಖಾನೆ ಹಾಸಿ, ಅವಲಕ್ಕಿಯ ತಾಟು ಇಟ್ಟದ್ದು ಯಾರಿಗೆಂದರೆ, ಸೋಮಲಿಂಗನಿಗೆ ಮತ್ತು ಅವನ ಜೊತೆ ಟೆಂಪೋ ಓಡಿಸಿಕೊಂಡು ಬಂದ ಭೀಮಶಿ ಕಾಕಾನಿಗೆ! ಬಿಳಿ ರುಮಾಲು ಸುತ್ತಿದ ಹಿರಿಯ, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಹುಡುಗ, ಇನ್ನೇನು ಬೇಕು? ಗಂಡ ಜೊತೆಗಿಲ್ಲದ್ದು ಉದ್ದವ್ವನ ಗಮನಕ್ಕೇ ಬರಲಿಲ್ಲ. ಓಣಿ ಇಕ್ಕಟ್ಟಾದ್ದರಿಂದ ಟೆಂಪೋ ಮತ್ತು ಅದರೊಳಗಿನ ಕಂಪ್ಯೂಟರ್ ದೊಡ್ಡ ರಸ್ತೆಯಲ್ಲೇ ಉಳಿದಿದ್ದವು. ಕನ್ಯೆ ನೋಡಲು ಬಂದವರು ಬಾಯಿ ತೆರೆಯುವ ಮುನ್ನ ತಿನ್ನಲು ಕೊಡುವುದು ಆ ಮನೆಯ ರೀತಿ. ಬಂದ ಕೆಲಸ ಹೇಳಲು ಸೋಮಲಿಂಗನಿಗೆ ಸಂದಿಯೇ ಸಿಗಲಿಲ್ಲ.

"ನೀವು ಏನ್ ಕೆಲಸ ಮಾಡ್ತೀರಿ?"

"ಕಂಪ್ಯೂಟರ್ ಅಂಗಡ್ಯಾಗ ಕೆಲಸಾ ಮಾಡ್ತೇನ್ರಿ ಅವ್ವಾರ."

"ಚಲೋ ಆತು, ಈಕಿಗೂ ಅದ ಹುಚ್ಚು. ಮುಚ್ಚುಮರಿ ಬ್ಯಾಡ, ಮೊದ್ಲ ಹೇಳಿಬಿಡ್ತೇನಿ. ಮದಿವಿ ಆದ್ರೂ ಸೆಂಟರ್ ಬಿಡಂಗಿಲ್ಲ ಅಂತಾಳ ನಮ್ಮ ದೀಪಾ. ನಿಮಗ ನಡೀತೈತಿ ಏನ್ರಿ?"

ತಮ್ಮನ್ನು ವರನ ಕಡೆಯವರೆಂದು ಈಕೆ ತಿಳಿದಿದ್ದಾಳೆಂದು ಭೀಮಶಿ ಕಾಕಾನಿಗೆ ಆಗಲೇ ಅರ್ಥವಾಗಿತ್ತು. ಅವಲಕ್ಕಿ ಚೆನ್ನಾಗಿತ್ತು, ಸುಮ್ಮನೆ ತಿಂದ.

ಒಳಗೆ ದೀಪಾಳ ಕೈ ಸೆರಗಿನ ಮೇಲೇ ನಿಂತಿತು. ಈ ಧ್ವನಿ... ಇವನು ಇಲ್ಲಿ ಹೇಗೆ? ಈಗ ಏನು ಹೇಳುತ್ತಾನೆ?

ಸೋಮಲಿಂಗ ತಾಟು ಕೆಳಗಿಟ್ಟ. ತಾನು ಯಾರ ಜಾಗದಲ್ಲಿ ಕುಳಿತಿದ್ದೇನೆಂದು ಅವನಿಗೂ ಹೊಳೆದಿತ್ತು. ಎದ್ದು ನಿಜ ಹೇಳಿಬಿಡಬಹುದಿತ್ತು. ಏಳಲಿಲ್ಲ.

"ಆಕಿ ಯಾಕ ಬಿಡಬೇಕ್ರಿ? ನಾನು ಈಗ ಅಂಕಲಗಿಯಿಂದ ದಿನಾ ಗೋಕಾಕಕ್ಕ ಹೋಗಿ ಬರತೇನಿ. ಘೋಡಗೇರಿಯಿಂದ ಹೋಗಿ ಬಂದ್ರ ಏನಾಗತೈತಿ?"

"ಅಂಕಲಗಿ?" ಉದ್ದವ್ವ ಕಣ್ಣರಳಿಸಿದಳು. "ನೀವು ದಡ್ಡಿಯವರು ಅಲ್ಲೇನು?"

"ಅಲ್ರಿ. ಕಂಪ್ಯೂಟರ್ ಕೊಡಾಕ ಬಂದೇನಿ. ಆದ್ರ ಈಗ ಹೇಳಿದ್ದು ಖರೇನ ಐತ್ರಿ."

ದೀಪಾ ಹೊರಗೆ ಬಂದಳು. ಸೀದಾ ಸೋಮಲಿಂಗನ ಎದುರಿಗೆ ನಿಂತಳು.

"ನಾಳೆ ಬರಬೇಕಿತ್ತಲ್ರಿ?"

"ನಾಳೆ ಬ್ಯಾರೆಯವರು ಬರವರಿದ್ರು. ಇವತ್ತ ನನಗ ಸೂಟಿ. ಕಾಕಾನ್ನ ಕಾಡಿ ನಾನ ತಂದೇನಿ."

"ಅವತ್ತ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗ್ರಿ ಅಂದವರು ನೀವ ಅಲ್ಲ?"

"ಎದ್ದು ಬರಾಕ ಆಗದ ಮುದುಕ್ಯಾರ ಮನಿಗೆ ಹೋಗಿ ಅರ್ಜಿ ತುಂಬತೇನಿ ಅಂತ ಬಂದ ಕೂಡ್ಲೆ ನೀವ ಹೇಳಿದ್ರಿ. ಅದಕ್ಕ ಲ್ಯಾಪ್‌ಟಾಪ್ ಅಂದೆ. ಮುಂದ ಮಾತಾಡಾಕ ನೀವೆಲ್ಲಿ ಬಿಟ್ರಿ?"

ದೀಪಾಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಇಷ್ಟು ದಿನ ಸುಮ್ಮಸುಮ್ಮನೆ ಸಿಟ್ಟು ಸಾಕಿಕೊಂಡಿದ್ದೆನಲ್ಲ!

ಅವ್ವನ ಮುಂದೆಯೇ ಫೋನ್ ಹಚ್ಚಿದಳು. "ಅಪ್ಪಾ, ದಡ್ಡಿಯವರು ಬಂದ್ರನ?"

"ಇಲ್ಲವಾ. ಇನ್ನಾ ಮನಿ ಬಿಟ್ಟಿಲ್ಲಂತ."

"ಬರೂದು ಬ್ಯಾಡ ಅಂತ ಹೇಳಿಬಿಡು. ನಾ... ನಾ ಬ್ಯಾರೆಯವರನ್ನ ಒಪ್ಪೇನಿ."

ಅಪ್ಪನ ಧ್ವನಿ ಗಡುಸಾಯಿತು. "ಮನಿಗೆ ಬಂದೆ, ತಡಿ" ಎಂದು ಮಾಲಿಂಗಪ್ಪ ಫೋನ್ ಇಟ್ಟ.

ಉದ್ದವ್ವ ಬೈಯಲಿಲ್ಲ. ತಾನು ಕೇಳಿದ ಪ್ರಶ್ನೆಗೆ ಮಗಳು ಬಯಸಿದ ಉತ್ತರ ಮೊದಲ ಸಲ ಸಿಕ್ಕಿದ್ದನ್ನು ಅವಳೂ ಕೇಳಿದ್ದಳು. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಭೀಮಶಿ ಕಾಕಾ ಟೆಂಪೋ ನೋಡಿಬರುವ ನೆಪದಲ್ಲಿ ಎದ್ದ.

ಇಬ್ಬರೇ ಉಳಿದರು.

"ಅಪ್ಪ ಸಿಟ್ಟಿಲೆ ಬರಾಕತ್ತಾನ. ನಿಮ್ಮ ಮನಿ, ಮಂದಿ... ಎಲ್ಲಾ ಕೆದಕಿ ಕೇಳತಾನ."

"ಕೇಳಲಿ."

"ಮನಿ ಅಳ್ಯಾ ಅಂತ ಊರು ನಗತೈತಿ."

"ನಗಲಿ ಬಿಡ್ರಿ."

"ಹೋಗೂದಿದ್ರ ಈಗ ಹೋಗಿಬಿಡ್ರಿ..." ಎಂದಳು. ಹೋಗಬೇಡ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಸೋಮಲಿಂಗ ಜಮಖಾನೆಯ ಮೇಲೆ ಸರಿಯಾಗಿ ಕುಳಿತುಕೊಂಡ.

"ಒಂದು ಚಾ ಕೊಡ್ರಿ. ಅಪ್ಪಾರು ಬರೂಮಟಾ ಇರತೇನಿ."

"ಆಮ್ಯಾಲ?"

"ಆಮ್ಯಾಲೂ ಇರತೇನಿ."