ಹಳೆಯ ಬಾಗಿಲು ಅವಳ ಹೆಸರಿನಲ್ಲಿ

"ಯಾರ್ರೀ ನನ್ನ ಮೆಷಿನ್‌ಗಳನ್ನೆಲ್ಲ ಅಳಿಸಿದ್ದು?"

ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಬಾಗಿಲು ದಡಾರನೆ ಗೋಡೆಗೆ ಬಡಿಯಿತು. ಕೇಬಲ್ ಸುತ್ತುತ್ತಿದ್ದ ಲಿಫ್ಟ್ ಮೆಕ್ಯಾನಿಕ್ ಬೆಚ್ಚಿ ತಲೆ ಎತ್ತಿದ. ಎದುರಿಗೆ ಮಹಡಿಯ ಬಾಡಿಗೆಯವಳು. ಭುಜದ ಬ್ಯಾಗ್ ಕೂಡ ಇಳಿಸಿಲ್ಲ, ಕಣ್ಣಲ್ಲಿ ಕೆಂಡ!

"ಅಮ್ಮನ ಮನೆಯಿಂದ ಯಾವಾಗ ಬಂದ್ರಿ?"

"ಮಾತು ಹಾರಿಸಬೇಡಿ!"

ಹಗಲು ಕನ್ನಡಕದ ಅಂಗಡಿ, ಸಂಜೆ ನೆಟ್‌ವರ್ಕ್ ತರಗತಿ. ಅವಳ ಬದುಕು ಅಷ್ಟೇ. ಅವನು ಮನೆಯೊಡತಿ ಅಕ್ಕನ ತಮ್ಮ. ಕಚೇರಿಗಳು ಎಸೆದ ಕಂಪ್ಯೂಟರ್‌ಗಳನ್ನು ಹೊತ್ತು ತಂದು ಇಬ್ಬರೂ ಸೇರಿ ಈ ಲ್ಯಾಬ್ ಕಟ್ಟಿದ್ದರು. ಒಂದೇ ಪೆಟ್ಟಿಗೆಯೊಳಗೆ ಹಲವು ವರ್ಚುವಲ್ ಮೆಷಿನ್‌ಗಳು, ಅಂದರೆ ಸಾಫ್ಟ್‌ವೇರಿನಲ್ಲೇ ಓಡುವ ಕಂಪ್ಯೂಟರ್‌ಗಳು. ಅವುಗಳಲ್ಲೇ ಅವಳ ಪರೀಕ್ಷೆಯ ಪ್ರಾಜೆಕ್ಟ್. ನಾಳೆ ಅದನ್ನು ತೋರಿಸದಿದ್ದರೆ ಇಡೀ ವರ್ಷದ ಶ್ರಮ ನೀರಿನಲ್ಲಿ ಹೋಮ!

"ಇಬ್ಬರ ಲ್ಯಾಬಿಗೆ ಕಾವಲುಗಾರ ಯಾಕೆ ಅಂತ ಹೋಗೋ ಮುಂಚೆ ನಾನು ಜಗಳ ಆಡಿದ್ನಲ್ಲ, ಅದಕ್ಕೆ ಸೇಡಾ?"

ಕಾವಲುಗಾರ ಅಂದರೆ ಶೆಲ್ಫಿನ ಮೇಲೆ ಕೂತಿದ್ದ ಹೊಸ ಡಬ್ಬಿ. ಯಾರೇ ಒಳಗೆ ಹೋಗಬೇಕಾದರೂ ಹೆಸರು, ಪಾಸ್‌ವರ್ಡ್ ಪರೀಕ್ಷಿಸುವುದು ಈಗ ಅದೇ. ಅವಳಿಲ್ಲದಾಗ ಅವನು ಎಲ್ಲ ಖಾತೆಗಳನ್ನೂ ಅದಕ್ಕೆ ಸಾಗಿಸಿದ್ದ. ಅವಳು ಮೇಜಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತಿ ತೆರೆಯತ್ತ ಬೆರಳು ತೋರಿಸಿದಳು.

"ನೋಡಿ! ಒಳಗೆ ಬಿಡ್ತು, ಮೇಲೆ ನನ್ನ ಹೆಸರೂ ಇದೆ. ಕೆಳಗೆ? ಬೋಳು! ಊಟಕ್ಕೆ ಕರೆದು ಖಾಲಿ ತಟ್ಟೆ ಇಟ್ಟ ಹಾಗೆ!"

ಅವನು ತೆರೆಯತ್ತ ಬಾಗಿ ಖಾಲಿ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದ. ತನ್ನತ್ತ ತಿರುಗದ್ದಕ್ಕೆ ಅವಳ ಮೈ ಉರಿಯಿತು. 'ನಾನು ಬೇಡವಾದೆನೇ? ಬಾಯಿಬಿಟ್ಟು ಹೇಳಬಾರದಿತ್ತೇ...'

"ಅಯ್ಯೋ... ನಿಮ್ಮ ಹೆಸರು ಸಾಗಿಸಿದೆ, ಮೆಷಿನ್ ನೋಡೋ ಅಧಿಕಾರ ಸಾಗಿಸೋದು ಮರೆತೆ. ತಪ್ಪು ನನ್ನದೇ. ಮೆಷಿನ್ ಒಂದೂ ಹೋಗಿಲ್ಲ, ನಿಮಗೆ ಕಾಣಿಸ್ತಿಲ್ಲ ಅಷ್ಟೇ."

"ನಿಮ್ಮದು ಮಾತ್ರ ಮರೀಲಿಲ್ಲ, ಅಲ್ವಾ?"

ಈಗ ಅವನ ದನಿಯೂ ಏರಿತು. "ಒಂದೊಂದು ಕಡೆಗೂ ಒಂದೊಂದು ಪಾಸ್‌ವರ್ಡ್ ಅಂತ ದಿನಾ ಗೊಣಗ್ತಿದ್ದೋರು ಯಾರು? ನಿಮಗೋಸ್ಕರ ತಂದೆ ರೀ ಈ ಡಬ್ಬೀನ! ಇದು ಕೆಟ್ಟು ಕೂತರೆ ಎಲ್ಲರೂ ಹೊರಗೆ. ಅದಕ್ಕೇ ಪೂರ್ತಿ ಅಧಿಕಾರದ ಹಳೆಯ ಖಾತೆ ಒಂದನ್ನು ಉಳಿಸಿದೀನಿ. ಯಾರದ್ದು ಅಂತ ನೀವೇ ನೋಡಿ!"

ಅಡುಗೆಮನೆಯಿಂದ ಅಕ್ಕ ಕೂಗಿದಳು. "ನಿಮ್ಮಿಬ್ಬರ ಜಗಳಕ್ಕೆ ನನ್ನ ಹಾಲು ಉಕ್ಕಿಹೋಯ್ತು!"

ಅವಳು ಲಾಗೌಟ್ ಮಾಡಿ ನೋಡಿದಳು. ಪಾಸ್‌ವರ್ಡ್ ಕೇಳುವ ಜಾಗದ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ದಾರಿಗಳಿದ್ದವು. ಒಂದು ಹೊಸ ಡಬ್ಬಿಯದು, ಇನ್ನೊಂದು ಹಳೆಯದು.

"ಕನ್ನಡಕದ ಅಂಗಡಿಯವರಿಗೇ ಕಾಣಿಸಲಿಲ್ವಾ?"

"ಬಾಯಿ ಮುಚ್ಚಿ!"

ಹಳೆಯ ದಾರಿಯಲ್ಲಿ ಹೋದಳು. ಅವಳ ಮೆಷಿನ್‌ಗಳೆಲ್ಲ ಸಾಲಾಗಿ ಬಂದು ನಿಂತವು! ಹಳೆಯ ಖಾತೆಗಳಲ್ಲಿ ಉಳಿದಿದ್ದದ್ದು ಒಂದೇ, ಅವಳದು. ಅವನದು ಅಲ್ಲಿ ಇರಲೇ ಇಲ್ಲ.

"ಇದರಿಂದ... ಬೇಕಾದ್ರೆ ನಿಮ್ಮನ್ನೇ ಹೊರಗೆ ಹಾಕಬಹುದು."

"ಹಾಕಿ! ನಾನು ಅಷ್ಟು ಕೆಟ್ಟವನು ಅನ್ನಿಸಿದ್ರೆ ಹಾಕ್ಬಿಡಿ!"

ಅವಳು ಮೌಸ್‌ನಿಂದ ಕೈ ತೆಗೆದಳು. ಸಿಟ್ಟು ಮಾತ್ರ ಇಳಿಯಲಿಲ್ಲ. "ನನ್ನ ಕೇಳದೆ ಯಾಕೆ ಮಾಡಿದ್ರಿ?"

"ಕೇಳಬೇಕಿತ್ತು. ಕೇಳಬೇಕಾದ್ದು ಇನ್ನೂ ಒಂದಿದೆ..." ಅವನು ಕೇಬಲ್ ಕೆಳಗಿಟ್ಟ. "ನನ್ನ ಮದುವೆ ಆಗ್ತೀರಾ?"

"ಸಿಟ್ಟಲ್ಲಿರೋವಾಗ ಕೇಳೋ ಮಾತಾ ಇದು?"

"ನೀವು ಯಾವಾಗ ಸಿಟ್ಟಲ್ಲಿರಲ್ಲ, ಹೇಳಿ?"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಮೊದಲು ತನ್ನ ಹೊಸ ಹೆಸರಿಗೆ ತಾನೇ ಅಧಿಕಾರ ಕೊಟ್ಟುಕೊಂಡಳು. ಆಮೇಲೆ ಅವನ ಹಳೆಯ ಖಾತೆಯನ್ನು ಮತ್ತೆ ಸೃಷ್ಟಿಸಿದಳು.

"ಕೀಲಿ ಇಬ್ಬರ ಹತ್ರಾನೂ ಇರಬೇಕು. ಒಬ್ಬಳೇ ಕಾಯೋದು ನನ್ನಿಂದಾಗಲ್ಲ."

"ಅಂದ್ರೆ... ಹೂಂ ಅಂತಾನಾ?"

"ಹೂಂ. ಬೈದಿದ್ದು ಮಾತ್ರ ವಾಪಸ್ ತಗೊಳ್ಳಲ್ಲ. ಪಾಸ್‌ವರ್ಡ್ ಹಾಕು ಬಾ."

"ಈಗ ಏನಂದ್ರಿ? 'ಬಾ' ಅಂದ್ರಾ?"

"ಹೌದು ಕಣೋ... ಬಾ!"