ತಾತನ ಬಲಗಡೆ

“ಬ್ಯಾಡ ಬುಡ್ಲಾ ಪರಮೇಶ, ಇದೂ ಸರಿಯಿಲ್ಲ,” ಅಂದರು ತಾತ.

ಅಂಗಡಿಯ ಚಂದ್ರಮೌಳಿ ಅಂಕಲ್ ಮುಖ ಸಪ್ಪಗಾಯಿತು. ಅವರು ಆಗಲೇ ಎರಡು ಜೋಡಿ ಸ್ಪೀಕರ್ ತೋರಿಸಿ, ಇನ್ನೊಂದು ಜೋಡಿ ಇಳಿಸಿದ್ದರು. ನಿಧಿಯ ಅಪ್ಪ ಪರಮೇಶ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

ಸ್ಪೀಕರ್ ಕೊಳ್ಳೋಕೆ ಅಂತಲೇ ಮೂವರೂ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬಂದಿದ್ದರು. ಮನೆಯಲ್ಲಿ ಮೆಟ್ಟಿಲ ಪಕ್ಕದ ಸಣ್ಣ ರೂಮಿಗೆ ಅಪ್ಪ ಬಣ್ಣ ಹೊಡೆಸಿ, ತಾತನಿಗಾಗಿ ಮ್ಯೂಸಿಕ್ ರೂಮ್ ಮಾಡಿದ್ದರು.

ತಾತ ಈಶ್ವರಯ್ಯ ಒಂದು ಕಾಲಕ್ಕೆ ಬಾಗೂರಿನ ಸುತ್ತಮುತ್ತ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಈಗ ಕೈ ನಡುಗುತ್ತದೆ, ನುಡಿಸುವುದಿಲ್ಲ. ಅವರು ನುಡಿಸಿದ್ದು ಉಳಿದಿರುವುದು ಒಂದೇ ಒಂದು ಹಳೇ ಕ್ಯಾಸೆಟ್ಟಿನಲ್ಲಿ. ಅದನ್ನು ಅಪ್ಪ ಪೆನ್‌ಡ್ರೈವ್‌ಗೆ ಹಾಕಿಸಿದ್ದರು. ಅದನ್ನು ಚೆನ್ನಾಗಿ ಕೇಳಿಸೋ ಸ್ಪೀಕರ್ ಬೇಕಿತ್ತು. ರೇಟೂ ಕೈಗೆ ಎಟುಕಬೇಕಿತ್ತು.

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ನಿಧಿ ಓಡಿದ್ದು ಆಳೆತ್ತರದ ಸ್ಪೀಕರ್ ಹತ್ತಿರ. ಅದರ ಹೊಟ್ಟೆಯಲ್ಲಿ ಕೆಂಪು, ನೀಲಿ ಲೈಟು ಕುಣಿಯುತ್ತಿತ್ತು.

“ಅಪ್ಪಾ, ಇದು! ಸಿಂಧು ಮನೇಲಿರೋದಕ್ಕಿಂತ ದೊಡ್ಡದು!”

“ಅದನ್ನ ಹಾಕಿದ್ರೆ ನಮ್ಮ ರೂಮಿನ ಗೋಡೆ ಬಿದ್ದೋಗುತ್ತೆ, ಬಾರೇ,” ಅಂತ ಅಪ್ಪ ನಕ್ಕಿದ್ದರು.

“ಸಣ್ಣ ರೂಮಿಗೆ ಬುಕ್‌ಶೆಲ್ಫ್ ಸ್ಪೀಕರೇ ಸರಿ ಸಾರ್. ಶೆಲ್ಫ್ ಮೇಲೆ ಇಟ್ರೆ ಮುಗೀತು,” ಅಂದಿದ್ದರು ಚಂದ್ರಮೌಳಿ ಅಂಕಲ್.

“ರಾಗಿ ಅಳೆಯೋ ಸೇರಿನಷ್ಟೈತೆ. ಇದ್ರೊಳಗೆ ನಾಟಕ ಇಡಿಸ್ತದಾ?” ಅಂತ ತಾತನೂ ಆಗ ನಗುತ್ತಲೇ ಇದ್ದರು.

ಈಗ ನಗು ಇರಲಿಲ್ಲ. ತಾತನ ಕುರ್ಚಿ ಬೀದಿಗೆ ಮುಖ ಮಾಡಿತ್ತು. ಅದರ ಎಡಕ್ಕೊಂದು ಬಲಕ್ಕೊಂದು ಸ್ಟೂಲು, ಒಂದೊಂದರ ಮೇಲೆ ಒಂದೊಂದು ಸ್ಪೀಕರ್.

“ಹಾಡು ಕೇಳ್ತದೆ, ತಬಲಾ ಕೇಳ್ತದೆ. ನನ್ನ ಹಾರ್ಮೋನಿಯಂ ಎಲ್ಲೋಯ್ತು?”

“ಕೇಳಿಸ್ತಿದೆಯಲ್ಲ ಅಪ್ಪಾಜಿ!”

“ನಂಗೇನು ಕಿವುಡೇನ್ಲಾ?” ತಾತ ಗದರಿದರು. ಟೀವಿ ನೋಡುತ್ತಿದ್ದ ಗಿರಾಕಿಗಳೆಲ್ಲ ತಿರುಗಿದರು.

“ಇದಕ್ಕಿಂತ ಒಳ್ಳೇದು ಐತೆ ಯಜಮಾನ್ರೇ. ಆದ್ರೆ ರೇಟು ಡಬಲ್ ಆಗುತ್ತೆ,” ಅಂದರು ಅಂಕಲ್.

ತಾತ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು. “ಏನೂ ಬ್ಯಾಡ. ಸ್ಪೀಕರ್‌ದು ತಪ್ಪಲ್ಲ. ಆ ಕ್ಯಾಸೆಟ್ಟಲ್ಲಿ ನಾನು ಬಾರ್ಸಿದ್ದೇ ಅಳಿಸೋಗಿರ್ಬೇಕು. ನಡಿ, ಮನೆಗೆ ಓಗಾನ.”

ಆ ದನಿ ಕೇಳಿ ನಿಧಿ ಇನ್ನೂ ಹಾಡುತ್ತಿದ್ದ ಸ್ಪೀಕರ್‌ಗಳ ಹತ್ತಿರ ಬಂದಳು. ಹಾರ್ಮೋನಿಯಂ ಅವಳಿಗೆ ಕೇಳಿಸುತ್ತಿತ್ತು! ಸಣ್ಣಗೆ, ಆದರೆ ಚೆನ್ನಾಗಿ. ಅವಳು ಎಡಗಡೆಯ ಸ್ಪೀಕರ್ ಹತ್ತಿರ ಕಿವಿ ಇಟ್ಟಳು. ಹಾಡು, ತಬಲಾ. ಬಲಗಡೆಗೆ ಬಂದು ಬಗ್ಗಿದಳು. ಹಾರ್ಮೋನಿಯಂ ಬರುತ್ತಿದ್ದುದು ಇಲ್ಲಿಂದ ಮಾತ್ರ.

ತಾತನ ಬಲಗಡೆ.

ಮನೆಯಲ್ಲಿ ಗುಟ್ಟು ಹೇಳಬೇಕಾದರೆ ಅವಳು ಯಾವಾಗಲೂ ತಾತನ ಎಡಗಡೆಗೇ ಹೋಗುತ್ತಿದ್ದಳು. ಬಲಗಡೆಯಿಂದ ಏನು ಕೇಳಿದರೂ ತಾತ ಬರೀ “ಹೂಂ, ಹೂಂ” ಅನ್ನುತ್ತಿದ್ದರು. ಒಂದು ಮದುವೆ ಮನೆಯಲ್ಲಿ ಅತ್ತೆ ಎಲ್ಲರೆದುರಿಗೆ, “ಅಪ್ಪಾಜಿಗೆ ಆ ಕಿವಿ ಕೇಳಲ್ಲ,” ಅಂದಿದ್ದರು. ಅವತ್ತು ತಾತ ಊಟಕ್ಕೇ ಏಳಲಿಲ್ಲ.

ಹೇಳೋಕೆ ಬಾಯಿ ತೆರೆದವಳು ಗಿರಾಕಿಗಳ ಕಡೆ ನೋಡಿದಳು. ಬಾಯಿ ಮುಚ್ಚಿಕೊಂಡಳು.

ಆಮೇಲೆ ಕುರ್ಚಿಯನ್ನು ಎಳೆದು ಹಿಂದುಮುಂದಾಗಿ ತಿರುಗಿಸಿಬಿಟ್ಟಳು.

“ತಾತ, ಒಂದೇ ಒಂದ್ಸಲ. ಪ್ಲೀಸ್! ಹಿಂಗೆ ಕೂತ್ಕೋ.”

“ಗೋಡೆ ನೋಡ್ಕಂಡು ಕೂರ್ಲೇನವ್ವಾ?”

“ಹೂಂ. ಆ ಕಡೆ ಆಟೋ ಗಲಾಟೆ.”

ಮೊಮ್ಮಗಳು ಕೇಳಿದರೆ ತಾತನಿಗೆ ಇಲ್ಲ ಅನ್ನೋಕೆ ಬಾರದು. ಗೊಣಗುತ್ತಲೇ ಕೂತರು. ಹಾರ್ಮೋನಿಯಂ ಬರುತ್ತಿದ್ದ ಸ್ಪೀಕರ್ ಈಗ ಅವರ ಎಡಗಡೆಗಿತ್ತು. ಅಂಕಲ್ ಮತ್ತೆ ಮೊದಲಿನಿಂದ ಹಾಕಿದರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಾತನ ಬಲಗೈ ಬೆರಳು ಮೊಣಕಾಲ ಮೇಲೆ ಒಂದೊಂದಾಗಿ ಎದ್ದವು. ಎಡಗೈ ಅಲ್ಲಿಲ್ಲದ ಹಾರ್ಮೋನಿಯಂಗೆ ಗಾಳಿ ಹಾಕತೊಡಗಿತು.

“ಲೇ ಪರಮೇಶ, ಇದು ನಾನೇ ಕಣ್ಲಾ!” ತಾತ ಕೂಗಿದರು. “ಇಲ್ಲಿ ಹಾಡೋ ಗಂಗಯ್ಯ ಪದ ಮರ್ತ್‌ಬುಟ್ಟ. ಅವನಿಗೆ ನೆನಪಾಗೋಗಂಟ ನಾನು ಬಾರಿಸ್ತಾನೇ ಇವ್ನಿ, ಕೇಳು!”

ಅಪ್ಪ ಕುರ್ಚಿ ನೋಡಿದರು. ನಿಧಿಯನ್ನು ನೋಡಿದರು.

“ಇದನ್ನೇ ಪ್ಯಾಕ್ ಮಾಡಿ,” ಅಂದರು.

ಸಂಜೆ ಮನೆಯಲ್ಲಿ ಅಜ್ಜಿ ನೀಲಾಂಬಿಕೆ ಎರಡೂ ಸ್ಪೀಕರ್ ನೆತ್ತಿಗೆ ವಿಭೂತಿ ಇಟ್ಟು, ಒಂದೊಂದು ದಾಸವಾಳ ಏರಿಸಿದರು. ಅಪ್ಪ ಅವನ್ನು ಶೆಲ್ಫ್ ಮೇಲೆ ಕೂರಿಸಿದರು. ನಿಧಿ ತಾತನ ಕುರ್ಚಿಯನ್ನು ಅಡ್ಡಕ್ಕೆ ಹಾಕಿದಳು. ಈಗ ಇಡೀ ಶೆಲ್ಫು ತಾತನ ಎಡಗಡೆಗೆ ಬಂತು.

“ಹಿಂಗೆ ಕೂತ್ರೆ ಕಿಟಕಿ ಗಾಳಿ ಬರುತ್ತೆ ತಾತ...”

“ಗಲಾಟೆ, ಗಾಳಿ! ಇನ್ನೇನೇನು ಹೇಳೀಯೇ ಕಳ್ಳಿ?” ತಾತ ಅವಳ ಕಿವಿಯನ್ನು ಮೆಲ್ಲಗೆ ಹಿಂಡಿದರು. ಆಮೇಲೆ ತಮ್ಮ ಬಲಗಡೆಯ ಚಾಪೆ ತೋರಿಸಿದರು. “ಬಾ, ಕೂತ್ಕೋ. ಈ ಕಡೇದ್ನ ನೀನು ಕೇಳಿಸ್ಕೋ.”

ನಿಧಿ ಕೂತಳು. ಹಾಡು ಶುರುವಾಯಿತು. ತಾತ ಕಣ್ಣು ಮುಚ್ಚಿದರು.

ಬಲಗಡೆ ಅಡುಗೆಮನೆಯಲ್ಲಿ ಲೋಟದ ಸದ್ದಾಯಿತು. “ಕಾಫಿ ಆಯ್ತು, ಬನ್ರೀ,” ಅಂತ ಅಜ್ಜಿ ಬಾಗಿಲಿಗೆ ಬಂದು ಕರೆದರು. ತಾತನಿಗೆ ಅದು ಕೇಳಲಿಲ್ಲ.

ನಿಧಿ ಬಾಗಿಲ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟಳು.